ಚಿತ್ರೋತ್ಸವಕ್ಕೆ ಸಿನಿಮಾ ಕಳಿಸೋರಿಗೆ, ಕೋಲಾರದಿಂದ

ಸಣ್ಣ ಊರಿನ ಚಿತ್ರೋತ್ಸವಕ್ಕೆ ಬರೋದರಲ್ಲಿ ಕೆಟ್ಟ ಸಿನಿಮಾ ಕಮ್ಮಿ, ನೋಡೋಕೇ ಆಗದ ಸಿನಿಮಾ ಜಾಸ್ತಿ. ಲಿಂಕ್ ತೆರೆಯಲ್ಲ, ಮಾತು ಕೇಳಲ್ಲ, ಅಕ್ಷರ ಓದೋಕಾಗಲ್ಲ. ನಾನು ಕೋಲಾರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯೋನು. ಇಲ್ಲಿ ನಾವು ಕೆಲವರು ಸೇರಿ ನಡೆಸೋ ಚಿತ್ರೋತ್ಸವಕ್ಕೆ ಬಂದ ಸಿನಿಮಾಗಳನ್ನ ಮೊದಲು ತೆರೆದು ನೋಡೋ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ. ಜೊತೆಗೆ ಒಬ್ಬರು ಪಿಯು ಕಾಲೇಜಿನ ಮೇಷ್ಟ್ರು, ನಾಟಕ ಆಡೋ ಹುಡುಗಿ ಒಬ್ಬಳು. ಅಂಗಡಿ ಬಾಗಿಲು ಹಾಕಿದ ಮೇಲೆ ಮೂರೂ ಜನ ಕೂರ್ತೀವಿ. ದಿನವೆಲ್ಲ ದುಡಿದು ಬಂದು ಕೂತ ಇಂಥವರ ಮುಂದೆ ನಿಮ್ಮ ಸಿನಿಮಾ ತೆರೆಯುತ್ತೆ ಅನ್ನೋದು ನೆನಪಿದ್ದರೆ, ಕೆಳಗೆ ಬರೆದಿರೋದರಲ್ಲಿ ಮುಕ್ಕಾಲು ಪಾಲು ನಿಮಗೇ ಹೊಳೆಯುತ್ತೆ.

ಎಲ್ಲಿಗೆ ಕಳಿಸಬೇಕು ಅನ್ನೋದು ಮೊದಲ ಪ್ರಶ್ನೆ. ಬಹಳ ಉತ್ಸವಗಳು ಫಿಲ್ಮ್‌ಫ್ರೀವೇ ಅನ್ನೋ ವೆಬ್‌ಸೈಟ್ ಮೂಲಕ ಸಿನಿಮಾ ತಗೊಳ್ತವೆ. ಅಲ್ಲಿ ಖಾತೆ ತೆರೆಯೋದಕ್ಕೆ ಕಾಸಿಲ್ಲ. ಸಿನಿಮಾದ ಪುಟ ಒಂದು ಸಲ ಮಾಡಿಟ್ಟರೆ ಅಲ್ಲಿಂದಲೇ ಎಲ್ಲಾ ಕಡೆ ಕಳಿಸಬಹುದು. ಶುಲ್ಕ ಮಾತ್ರ ಉತ್ಸವದವರು ಇಟ್ಟಿದ್ದು. ಅರ್ಲಿ ಬರ್ಡ್, ರೆಗ್ಯುಲರ್, ಲೇಟ್ ಅಂತ ದಿನ ಹೋದಂಗೆ ಏರ್ತಾ ಹೋಗುತ್ತೆ. ನಮ್ಮಂಥವರು ಗೂಗಲ್ ಫಾರ್ಮ್‌ನಲ್ಲೇ ಮುಗಿಸ್ತೀವಿ.

ಇಲ್ಲಿ ಒಂದು ಮಾತು ಒರಟಾಗೇ ಹೇಳ್ತೀನಿ. ಪ್ರತಿ ತಿಂಗಳೂ ಪ್ರಶಸ್ತಿ ಕೊಡೋ 'ಅಂತರರಾಷ್ಟ್ರೀಯ' ಉತ್ಸವಗಳು ಬೇಕಾದಷ್ಟಿವೆ. ದುಡ್ಡು ಕಟ್ಟಿದರೆ ಬೆಸ್ಟ್ ಡೈರೆಕ್ಟರ್, ಇನ್ನಷ್ಟು ಕಟ್ಟಿದರೆ ಟ್ರೋಫಿ ಕೊರಿಯರ್‌ನಲ್ಲಿ ಬರುತ್ತೆ. ಸಿನಿಮಾನ ಒಬ್ಬನೂ ನೋಡಿರಲ್ಲ. ಕಾರ್ಡ್ ನಂಬರ್ ಒತ್ತೋ ಮುಂಚೆ ಯಾವ ಹಾಲ್, ಯಾವ ತಾರೀಕು, ಹೋದ ವರ್ಷ ಏನೇನು ತೋರಿಸಿದ್ರು ಅಂತ ಹುಡುಕಿ. ಉತ್ತರ ಸಿಗದಿದ್ದರೆ ಆ ದುಡ್ಡಲ್ಲಿ ಒಂದು ಒಳ್ಳೇ ಮೈಕ್ ಬಾಡಿಗೆಗೆ ತನ್ನಿ. ಪೋಸ್ಟರಿನ ತುಂಬ ಲಾರೆಲ್ ಎಲೆ (ಉತ್ಸವಗಳು ಕೊಡೋ ಎಲೆಮಾಲೆಯ ಗುರುತು) ಅಂಟಿಸಿಕೊಂಡು ಬರೋ ಸಿನಿಮಾ ಕಂಡ್ರೆ ನಮ್ಮ ಮೇಷ್ಟ್ರು ಮೊದಲೇ ಕನ್ನಡಕ ತೆಗೆದು ಕೆಳಗಿಡ್ತಾರೆ.

ದೊಡ್ಡ ಉತ್ಸವಗಳ ಆಸೆ ಇದ್ದರೆ ಯೂಟ್ಯೂಬಿಗೆ ಪಬ್ಲಿಕ್ಕಾಗಿ ಹಾಕೋ ಮುಂಚೆ ಅವುಗಳ ನಿಯಮ ಓದಿ. ಆನ್‌ಲೈನ್‌ನಲ್ಲಿ ಬಂದುಹೋದದ್ದನ್ನ ಕೆಲವರು ಮುಟ್ಟಲ್ಲ. ನಮಗೆ ಅದೇನೂ ಅಡ್ಡಿಯಿಲ್ಲ.

ಉದ್ದದ ವಿಚಾರ. ಆಸ್ಕರ್‌ನವರ ಲೆಕ್ಕದಲ್ಲಿ ಟೈಟಲ್ ಸೇರಿ 40 ನಿಮಿಷದವರೆಗೂ ಕಿರುಚಿತ್ರವೇ. ಸರಿ, ಆದರೆ ಒಂದು ಮಧ್ಯಾಹ್ನದ ಪ್ರದರ್ಶನದಲ್ಲಿ ನಿಮ್ಮ 40 ನಿಮಿಷಕ್ಕೆ ಜಾಗ ಕೊಡಬೇಕಾದರೆ 10 ನಿಮಿಷದ ನಾಲ್ಕು ಸಿನಿಮಾ ಬಿಡಬೇಕು. ಅಷ್ಟು ತೂಕ ಇದೆಯಾ ನೀವೇ ನೋಡಿಕೊಳ್ಳಿ. ಮೂರು ಬ್ಯಾನರ್‌ಗಳ ಲೋಗೊ, ತಂದೆತಾಯಿಗೆ ಅರ್ಪಣೆ, ಎಂಎಲ್‌ಎ ಸಾಹೇಬರಿಗೆ ಕೃತಜ್ಞತೆ ಇದೆಲ್ಲ ಕೊನೆಗೆ ಹೋಗಲಿ. ಮೊದಲ ನಿಮಿಷದಲ್ಲಿ ಸಿನಿಮಾ ಶುರುವಾಗಲಿ.

ಲಿಂಕ್ ಕಳಿಸೋವಾಗ ಗೂಗಲ್ ಡ್ರೈವ್‌ನಲ್ಲಿ 'ಎನಿವನ್ ವಿತ್ ದಿ ಲಿಂಕ್' ಅಂತ ಬದಲಿಸಿ. ಇಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ನಾವು ಅನುಮತಿ ಕೇಳಬೇಕು, ನೀವು ಬೆಳಿಗ್ಗೆ ಎದ್ದು "ಅಣ್ಣಾ, ಮಲಗಿಬಿಟ್ಟಿದ್ದೆ" ಅನ್ನಬೇಕು. ವಿಮಿಯೊ ಅನ್ನೋ ವಿಡಿಯೊ ಸೈಟ್ ಆದ್ರೆ ಪಾಸ್‌ವರ್ಡನ್ನ ಲಿಂಕಿನ ಪಕ್ಕದಲ್ಲೇ ಬರೀರಿ, ಉತ್ಸವ ಮುಗಿಯೋವರೆಗೂ ಬದಲಿಸಬೇಡಿ. ಯೂಟ್ಯೂಬಲ್ಲಿ ಅನ್‌ಲಿಸ್ಟೆಡ್ ಸಾಕು, ಪ್ರೈವೇಟ್ ಬೇಡ. ಬೇರೆಯವರ ಹಾಡು ಬಳಸಿದ್ದರೆ ಅನ್‌ಲಿಸ್ಟೆಡ್ ವಿಡಿಯೊನೂ ಯೂಟ್ಯೂಬ್ ತಡೆಹಿಡೀಬಹುದು. ಕಳಿಸೋ ಮುಂಚೆ ನಿಮ್ಮ ಖಾತೆ ಇಲ್ಲದ ಬೇರೆ ಯಾರದಾದ್ರೂ ಫೋನಲ್ಲಿ ಒಂದು ಸಲ ತೆರೆದು ನೋಡಿ.

ಈಗ ಭಾಷೆ. ನಮ್ಮ ಜಿಲ್ಲೆಯಿಂದ ಸಿನಿಮಾ ಮಾಡೋರು ಎಡವೋದು ಇಲ್ಲೇ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಸ್ಕೂಲಲ್ಲಿ ಕಚೇರೀಲಿ ಕನ್ನಡ. ಸಿನಿಮಾದಲ್ಲೂ ಹಾಗೇ ಅಜ್ಜಿ ತೆಲುಗಲ್ಲಿ ಬಯ್ತಾಳೆ, ಮೊಮ್ಮಗ ಕನ್ನಡದಲ್ಲಿ ಉತ್ತರ ಕೊಡ್ತಾನೆ. ಚೆನ್ನಾಗಿರುತ್ತೆ. ಆದರೆ ಫಾರ್ಮ್ ತುಂಬೋವಾಗ ಹೆದರಿಕೊಂಡು ಭಾಷೆಯ ಕಾಲಂನಲ್ಲಿ ಕನ್ನಡ ಒಂದನ್ನೇ ಬರೀತಾರೆ. ಇನ್ನು ಕೆಲವರು ಅಜ್ಜಿಯ ಮಾತನ್ನೇ ಕನ್ನಡಕ್ಕೆ ಡಬ್ ಮಾಡಿ ಸಿನಿಮಾದ ಜೀವ ತೆಗೀತಾರೆ. ಎರಡು ಭಾಷೆ ಇದ್ದರೆ ಎರಡನ್ನೂ ಬರೀರಿ. ತೆಲುಗು, ತಮಿಳು ಮಾತಿಗೆ ಕನ್ನಡ ಸಬ್‌ಟೈಟಲ್ ಹಾಕಿ, ಹೊರಗಿನ ಉತ್ಸವಕ್ಕೆ ಪೂರ್ತಿ ಇಂಗ್ಲಿಷ್ ಸಬ್‌ಟೈಟಲ್ ಬೇರೆ ಮಾಡಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಹೆಚ್ಚು ಬೇಡ.

ಕನ್ನಡ ಸಬ್‌ಟೈಟಲ್‌ಗೆ ತನ್ನದೇ ಗೋಳಿದೆ. 'ನುಡಿ', 'ಬರಹ'ದಂಥ ಟೈಪಿಂಗ್ ಸಾಫ್ಟ್‌ವೇರಲ್ಲಿ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ದು ನಿಮ್ಮ ಕಂಪ್ಯೂಟರಲ್ಲಿ ಮುತ್ತಿನಂಗಿರುತ್ತೆ, ನಮ್ಮ ಕಂಪ್ಯೂಟರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಎಲ್ಲ ಕಂಪ್ಯೂಟರೂ ಓದೋ ಯೂನಿಕೋಡಿಗೆ ಬದಲಿಸಿ, ಎಸ್‌ಆರ್‌ಟಿ (ಸಬ್‌ಟೈಟಲ್) ಫೈಲನ್ನ ಯುಟಿಎಫ್-8 ಅಂತ ಸೇವ್ ಮಾಡಿ. ನೋಟ್‌ಪ್ಯಾಡ್‌ನ 'ಸೇವ್ ಆಸ್'ನಲ್ಲೇ ಆ ಆಯ್ಕೆ ಇದೆ. ಯೂನಿಕೋಡ್ ಆದ್ರೂ ಎಡಿಟಿಂಗ್ ಸಾಫ್ಟ್‌ವೇರ್ ಒತ್ತಕ್ಷರ ಒಡೆಯೋದುಂಟು. 'ಕ್ಯಾಮೆರಾ: ಶ್ರೀನಿವಾಸ' ಅಂತ ಬರೆದದ್ದು ತೆರೆ ಮೇಲೆ 'ಕ್‌ಯಾಮೆರಾ: ಶ್‌ರೀನಿವಾಸ' ಆಗಿರುತ್ತೆ. ಎಡಿಟಿಂಗಿಗೆ ಅಡೋಬಿ ಪ್ರೀಮಿಯರ್ ಬಳಸೋರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್‌ನಲ್ಲಿ ಸೌತ್ ಏಷಿಯನ್ ಟೆಕ್ಸ್ಟ್ ಎಂಜಿನ್ ಆರಿಸಿಕೊಂಡು ಆಮೇಲೆ ಟೈಟಲ್ ಮಾಡಿ. ಆದರೂ ಒಡೆದರೆ ಫೋಟೋಶಾಪಲ್ಲಿ ಬರೆದು ಚಿತ್ರವಾಗಿ ತಂದು ಕೂರಿಸಿ. ಬೇಸರದ ಕೆಲಸ, ಆದರೆ ಕನ್ನಡ ಸಿನಿಮಾದಲ್ಲಿ ಕನ್ನಡವೇ ಒಡೆದು ಬಂದ್ರೆ ನನಗೆ ಮುಂದಕ್ಕೆ ನೋಡೋಕೆ ಮನಸ್ಸೇ ಬರಲ್ಲ.

ಇನ್ನೊಂದು, ನಮ್ಮ ಹಾಲ್ ಮಲ್ಟಿಪ್ಲೆಕ್ಸ್ ಅಲ್ಲ. ನೆಲ ಸಮತಟ್ಟು, ಪ್ಲಾಸ್ಟಿಕ್ ಕುರ್ಚಿ. ಸಬ್‌ಟೈಟಲ್ ತೀರಾ ಕೆಳಗಿದ್ದರೆ ಮುಂದಿನವರ ತಲೆ ಅಡ್ಡ, ಸ್ವಲ್ಪ ಮೇಲಕ್ಕೆ ಎತ್ತಿ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ರೂ ಸಂದಿಯಿಂದ ಬೆಳಕು ನುಗ್ಗುತ್ತೆ, ಪ್ರೊಜೆಕ್ಟರ್ ಬಾಡಿಗೆಯದು. ರಾತ್ರಿ ಸೀನನ್ನ ಕತ್ತಲೆ ಕೋಣೇಲಿ ಕೂತು ಗ್ರೇಡ್ ಮಾಡಿರ್ತೀರಿ (ಬಣ್ಣ, ಬೆಳಕು ಹೊಂದಿಸಿರ್ತೀರಿ), ಇಲ್ಲಿ ಬರೀ ಕಪ್ಪು ಕಾಣುತ್ತೆ. ಮೇಲೆ ಫ್ಯಾನ್ ತಿರುಗ್ತಿರುತ್ತೆ, ಪಿಸುಮಾತು ಕೇಳಲ್ಲ. ಹಗಲು ಹೊತ್ತು, ಕಿಟಕಿ ಅರ್ಧ ತೆರೆದು, ಫ್ಯಾನ್ ಐದರಲ್ಲಿಟ್ಟು ಮನೆ ಟಿವೀಲಿ ಸಿನಿಮಾ ಹಾಕಿ ನೋಡಿ. ಹಿನ್ನೆಲೆ ಸಂಗೀತ ಮಾತನ್ನ ನುಂಗ್ತಿದ್ದರೆ ಸಂಗೀತ ಇಳಿಸಿ. ಇಂಥ ಜಾಗಗಳಿಗೆ ಅಂತಲೇ ಸ್ವಲ್ಪ ಬೆಳಕು ಏರಿಸಿದ ಒಂದು ಕಾಪಿ ಇಟ್ಟುಕೊಂಡರೆ ಇನ್ನೂ ಒಳ್ಳೇದು.

ಹಕ್ಕುಗಳ ವಿಷಯಕ್ಕೆ ಬಂದ್ರೆ "ಅಣ್ಣಾ, ಸಣ್ಣ ಸಿನಿಮಾ, ಯಾರು ಕೇಳ್ತಾರೆ?" ಅಂತಾರೆ. ಫಾರ್ಮ್‌ನಲ್ಲಿ ಸಹಿ ಹಾಕೋರು ನೀವು. ಮಾಸ್ತಿಯವರು ನಮ್ಮ ಜಿಲ್ಲೆಯವರು ಅಂತ ಅವರ ಕತೆ ಊರಿನ ಆಸ್ತಿ ಆಗಲ್ಲ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ಮಾಸ್ತಿ ಹೋದದ್ದು 1986ರಲ್ಲಿ, ಅಲ್ಲಿಗೆ 2046 ಮುಗಿಯೋವರೆಗೂ ವಾರಸುದಾರರ ಅನುಮತಿ ಬೇಕು. ಮುಳಬಾಗಿಲಿನ ಡಿವಿಜಿ ಹೋದದ್ದು 1975ರಲ್ಲಿ. ಅವರ ಪದ್ಯವನ್ನ ಹಿನ್ನೆಲೆ ದನಿಯಲ್ಲಿ ಓದಿಸೋ ಹುಡುಗರಿಗೆ 2035ರ ಕೊನೆವರೆಗೂ ಅದೇ ನಿಯಮ. ಕೈವಾರ ತಾತಯ್ಯನವರ ತತ್ವಪದ ಹಳೇದು, ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ಆದರೆ ಕ್ಯಾಸೆಟ್ ಕಂಪನಿಯ ರೆಕಾರ್ಡಿಂಗ್ ಎತ್ತಿ ಹಾಕಿದ್ರೆ ಆ ರೆಕಾರ್ಡಿಂಗಿಗೆ ಬಿಡುಗಡೆಯಾದಲ್ಲಿಂದ 60 ವರ್ಷ ಹಕ್ಕಿದೆ. ಊರಲ್ಲಿ ಭಜನೆ ಮಾಡೋರ ಹತ್ರ ಹೋಗಿ, ಹಾಡಿಸಿ, ಒಪ್ಪಿಗೆ ಬರೆಸಿಕೊಂಡು ನೀವೇ ರೆಕಾರ್ಡ್ ಮಾಡಿಕೊಳ್ಳಿ. ಓದು ಬಾರದವರಾದ್ರೆ ಕ್ಯಾಮೆರಾ ಮುಂದೆ ಬಾಯಲ್ಲೇ ಹೇಳಿಸಿಕೊಂಡು ಇಟ್ಟುಕೊಳ್ಳಿ, ಒಂದಿಷ್ಟು ಸಂಭಾವನೆಯನ್ನೂ ಕೊಡಿ.

ಸಾರಾಂಶ ಬರೆಯೋದು ಎಲ್ಲರಿಗೂ ಕೊನೇ ಗಳಿಗೆಯ ಕೆಲಸ. 'ಮಾನವೀಯ ಸಂಬಂಧಗಳ ಆಳವನ್ನು ಶೋಧಿಸುವ ಹೃದಯಸ್ಪರ್ಶಿ ಕಥನ' ಅಂತ ಬರೆದು ಕಳಿಸ್ತಾರೆ, ನಾವು ಮೂವರೂ ಮುಖ ಮುಖ ನೋಡಿಕೊಳ್ತೀವಿ. 'ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಹೊರೋ ಹುಡುಗ, ಹರಾಜಲ್ಲಿ ಅಪ್ಪನ ಮಾಲಿಗೇ ರೇಟು ಬೀಳದ ದಿನ ಮನೆಗೆ ಏನು ಹೇಳ್ತಾನೆ?' ಅಂತ ಬರೆದು ನೋಡಿ, ಆ ಲಿಂಕನ್ನ ಮೊದಲು ಒತ್ತೋನು ನಾನೇ. ಪೋಸ್ಟರ್ ಜೊತೆ ಸಿನಿಮಾದೊಳಗಿನದೇ ಎರಡು ಮೂರು ಸ್ಟಿಲ್ ಕಳಿಸಿ, ನಿಮ್ಮ ಸೆಲ್ಫಿ ಬೇಡ.

ಸೆನ್ಸಾರ್ ಬಗ್ಗೆ ಬಹಳ ಜನ ಕೇಳ್ತಾರೆ. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸರ್ಟಿಫಿಕೇಟ್ ಬೇಕು. ಚಿತ್ರೋತ್ಸವಗಳಿಗೆ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು, ಅದನ್ನ ಕೇಳಬೇಕಾದೋರು ಉತ್ಸವದವರು. ಅವರು ಅದಕ್ಕಂತ ಸಾರಾಂಶ, ತಂಡದ ವಿವರ ಕೇಳಿದಾಗ ಅವತ್ತೇ ಕೊಟ್ಟುಬಿಡಿ.

ಆಯ್ಕೆ ಆದ ಮೇಲೆ ಫೈಲ್. ಡಿಸಿಪಿ (ಥಿಯೇಟರ್‌ಗಳಿಗೆ ಮಾಡೋ ಡಿಜಿಟಲ್ ಪ್ರಿಂಟ್) ನಮ್ಮಂಥ ಕಡೆ ಬೇಕಾಗಲ್ಲ, ಎಚ್.264ನಲ್ಲಿ ಎಂಪಿ4, 1920×1080 ಸಾಕು. ನನ್ನಂಥ ಮದುವೆ ಸ್ಟುಡಿಯೊದಲ್ಲಿ ಎಡಿಟ್ ಮಾಡಿಸ್ತಿದ್ದರೆ ಪ್ರಾಜೆಕ್ಟ್ 50ಐ (ಒಂದೊಂದು ಚಿತ್ರವನ್ನ ಎರಡು ಅರ್ಧವಾಗಿ ಸೀಳಿ ತೋರಿಸೋ ವಿಧಾನ) ಇದೆಯಾ ಕೇಳಿ, ಇದ್ದರೆ 25ಪಿಗೆ (ಸೆಕೆಂಡಿಗೆ 25 ಪೂರ್ತಿ ಚಿತ್ರ) ಬದಲಿಸೋಕೆ ಹೇಳಿ. ಡಿವಿಡಿ ಕಾಲದ ಆ ಅಭ್ಯಾಸ ನಮ್ಮ ಸ್ಟುಡಿಯೊಗಳಲ್ಲಿ ಇನ್ನೂ ಇದೆ, ದೊಡ್ಡ ತೆರೆ ಮೇಲೆ ಕೈ ಆಡಿಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನ ಗೆರೆ ಕಾಣುತ್ತೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿ ದಾಟಿದ ಫೈಲ್ ಹಿಡಿಸಲ್ಲ. 20 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 20 ಮೆಗಾಬಿಟ್) 20 ನಿಮಿಷದ ಸಿನಿಮಾ ಸುಮಾರು 3 ಜಿಬಿ ಆಗುತ್ತೆ, ಅರ್ಧ ಗಂಟೆದು ನಾಲ್ಕೂವರೆ. ಉದ್ದದ್ದಕ್ಕೆ ಪೆನ್‌ಡ್ರೈವನ್ನ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫೈಲಿಗೆ 'ಫೈನಲ್ ಫೈನಲ್ 2' ಅಂತ ಇಡದೆ ಸಿನಿಮಾದ ಹೆಸರು, ಊರು, ನಿಮಿಷ ಇಡಿ. ಪೆನ್‌ಡ್ರೈವ್ ವಾಪಸ್ ಬೇಕಿದ್ದರೆ ಅದರ ಮೇಲೂ ಹೆಸರು ಅಂಟಿಸಿ; ವಾರಸುದಾರರಿಲ್ಲದ್ದು ಒಂದು ಹಿಡಿ ನನ್ನ ಡ್ರಾಯರಲ್ಲಿ ಬಿದ್ದಿದೆ, ಬಂದು ಗುರುತು ಹೇಳಿ ತಗೊಂಡು ಹೋಗಬಹುದು.