ಕಾಲಾಳಿನ ಕತೆ ಬರೆಯುವುದು ಹೇಗೆ?

ದುರ್ಗ, ದಾವಣಗೆರೆ ಸೀಮೆಯಲ್ಲಿ ಐತಿಹಾಸಿಕ ಕತೆ ಬರೆಯುವವರಿಗೆ ಬರವಿಲ್ಲ. ಕಣ್ಣೆದುರೇ ಕೋಟೆ, ಹೊಲದ ಬದುವಿನಲ್ಲೇ ವೀರಗಲ್ಲು. ಆದರೆ 'ಒಬ್ಬ ಸೈನಿಕನ ಕತೆ' ಎಂದು ಹೆಸರಿಟ್ಟುಕೊಂಡ ಬರಹ ಕೂಡ ಎರಡನೇ ಪ್ಯಾರಾಕ್ಕೆಲ್ಲ ಆನೆ ಹತ್ತಿರುತ್ತದೆ. ಸೈನಿಕ ಕಾಣೆಯಾಗಿ ದಂಡನಾಯಕ ಭಾಷಣ ಶುರು ಮಾಡಿರುತ್ತಾನೆ. ಮೂರನೇ ಪ್ಯಾರಾದಲ್ಲಿ ರಕ್ತದ ಕೋಡಿ ಹರಿದು ಕತೆ ಮುಗಿಯುತ್ತದೆ. ಕಾಲಾಳನ್ನು ಕೊನೆಯವರೆಗೂ ಕಾಲ ಮೇಲೆ ನಿಲ್ಲಿಸಬೇಕಾದರೆ ಕೆಲಸವನ್ನು ಹೀಗೆ ಹಿಡಿಯಿರಿ.

ಮೊದಲ ಹೆಜ್ಜೆ: ವರ್ಷ ಗೊತ್ತುಮಾಡಿ

'ಮಧ್ಯಯುಗ' ಎಂದಷ್ಟೇ ಬರೆದುಕೊಂಡರೆ ಸಾವಿರ ವರ್ಷವನ್ನು ಒಂದೇ ಗೋಣಿಚೀಲಕ್ಕೆ ತುಂಬಿದಂತೆ. ಒಂದು ಕಾಲ, ಒಂದು ಮುತ್ತಿಗೆ ಹಿಡಿಯಿರಿ. ಇಲ್ಲಿ ಉದಾಹರಣೆಗೆ 12ನೇ ಶತಮಾನದ ಕೊನೆಭಾಗದಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳ ಪಾಂಡ್ಯರ (ಮಧುರೆಯವರಲ್ಲ, ಈ ಸೀಮೆಯವರೇ) ಉಚ್ಚಂಗಿ ಗುಡ್ಡದ ಕೋಟೆಯನ್ನು ಮುತ್ತಿದ್ದನ್ನು ಇಟ್ಟುಕೊಳ್ಳೋಣ. ಕಾಲಾಳಿಗೆ ಮಾಚ ಎಂದು ಹೆಸರಿಡೋಣ, ಇಂದಿನ ಹೊಸದುರ್ಗ ಸೀಮೆಯ ಒಕ್ಕಲು ಮಗ. ಮಾಚ, ಬೊಮ್ಮ, ಕೇತ, ಮಸಣ, ಹೊನ್ನ ಇವೆಲ್ಲ ಆ ಕಾಲದ ಶಾಸನಗಳಲ್ಲಿ ಸಿಗುವ ಹೆಸರುಗಳು. ವಿಕ್ರಮ, ಪ್ರತಾಪ ಬೇಡ.

ಕಾಲ ಗೊತ್ತಾದರೆ ಬಿಡಬೇಕಾದದ್ದೂ ಗೊತ್ತಾಗುತ್ತದೆ. ಈ ಕತೆಯಲ್ಲಿ ಕೋವಿ, ಫಿರಂಗಿ ಬರುವಂತಿಲ್ಲ. 'ಚಿತ್ರದುರ್ಗ' ಎಂಬ ಹೆಸರೂ ಬರುವಂತಿಲ್ಲ, ಹೊಯ್ಸಳರಿಗೆ ಅದು ಬೆಮ್ಮತ್ತನಕಲ್ಲು. ಏಳು ಸುತ್ತಿನ ಕೋಟೆಯೇ ಬೇಕು, ಮದ್ದು ಬೀಸುವ ಕಲ್ಲೇ ಬೇಕು ಎನ್ನುವವರು ನಾಯಕರ ಕಾಲಕ್ಕೆ ಬನ್ನಿ: 1568ರಿಂದ 1779. ಹಿರೇ ಮದಕರಿ ನಾಯಕ (ಹೈದರಾಲಿಗೆ ಸೋತ ಕೊನೆಯ ಮದಕರಿ ಅಲ್ಲ) ಸತ್ತ 1748ರ ಮಾಯಕೊಂಡದ ಕಾಳಗಕ್ಕೆ ತುಬಾಕಿ ಇಲ್ಲದಿದ್ದರೇ ತಪ್ಪು.

ಆಯುಧಕ್ಕಿಂತ ಹೆಚ್ಚು ಎಡವುವುದು ಗಿಡದಲ್ಲಿ. ಬಳ್ಳಾರಿ ಜಾಲಿಯ ಮರೆಯಲ್ಲಿ ಹೊಯ್ಸಳ ಬಿಲ್ಲಾಳನ್ನು ಅಡಗಿಸಬೇಡಿ, ಆ ಜಾಲಿ ತೀರಾ ಈಚಿನದು. ದಾವಣಗೆರೆ ಸುತ್ತ ಇವತ್ತು ಎತ್ತ ನೋಡಿದರೂ ಮೆಕ್ಕೆಜೋಳ. ಅದೂ, ಚಳ್ಳಕೆರೆಯ ಶೇಂಗಾ, ಮೆಣಸಿನಕಾಯಿ, ಹೊಗೆಸೊಪ್ಪು ಎಲ್ಲವೂ ಪೋರ್ಚುಗೀಸರು ಬಂದ ಮೇಲಿನವು. ದುರ್ಗದ ಗುಡ್ಡಗಳ ತುಂಬ ಇರುವ ಸೀತಾಫಲಕ್ಕೆ ಸೀತೆಯ ಹೆಸರಿದ್ದರೂ ಹುಟ್ಟೂರು ಅಮೆರಿಕ. ದಾವಣಗೆರೆ ಬಯಲಿನ ಗದ್ದೆಯ ಹಸಿರು ಭದ್ರಾ ನಾಲೆಯ ಕೊಡುಗೆ, ಅದು ಸ್ವಾತಂತ್ರ್ಯದ ನಂತರದ ಮಾತು. ಮಾಚನ ಕಾಲಕ್ಕೆ ಜೋಳ, ನವಣೆ, ಸಾಮೆ, ಹುರುಳಿ, ಹತ್ತಿ ಇರಲಿ. ಅಡಗಲು ಕಾರೆ, ತಂಗಟೆ, ಮುತ್ತುಗ ಸಾಕು. ಖಾರಕ್ಕೆ ಕರಿಮೆಣಸು.

ಎರಡನೇ ಹೆಜ್ಜೆ: ಅವನು ಯಾಕೆ ಹೋದ?

'ನಾಡಿಗಾಗಿ ಪ್ರಾಣ ಕೊಡಲು' ಎಂದು ಬರೆದರೆ ಅದು 20ನೇ ಶತಮಾನದ ಮಾತಾಗುತ್ತದೆ. ಉತ್ತರ ವೀರಗಲ್ಲಿನಲ್ಲಿದೆ. ತುರುಗೊಳ್ ಎಂದರೆ ದನ ಹೊಡೆದುಕೊಂಡು ಹೋದವರ ಬೆನ್ನುಹತ್ತಿದ್ದು. ಊರಳಿವು ಎಂದರೆ ಊರೇ ನಾಶವಾಗುವಾಗ ಕಾದಿದ್ದು. ಪೆಣ್ಬುಯ್ಯಲ್ ಎಂದರೆ ಹೆಂಗಸರನ್ನು ಹೊತ್ತೊಯ್ಯುವಾಗ ಅಡ್ಡ ನಿಂತದ್ದು. ಜೋಳವಾಳಿ ಎಂದರೆ ಅನ್ನ ಹಾಕಿದವನ ಋಣ. ನೆತ್ತರುಗೊಡಗೆ ಸತ್ತವನ ಮನೆಯವರಿಗೆ ಸಿಗುವ ಭೂಮಿ. ಈ ಐದರಲ್ಲಿ ಒಂದನ್ನು ಮಾಚನಿಗೆ ಕೊಡಿ.

ಅದರ ಮೇಲೆ ಅವನದೇ ಆದ ಒಂದು ಸಣ್ಣ ಆಸೆ ಬೇಕು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ಓದಿ. 949ರ ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರ ಎಂಬ ಯೋಧ ಒಡೆಯನಲ್ಲಿ ಮೆಚ್ಚುಗೆಯಾಗಿ ಕೇಳಿದ್ದು ಒಂದು ನಾಯಿಯನ್ನು. ಅದರ ಹೆಸರು ಕಾಳಿ. ಆಮೇಲೆ ಆ ನಾಯಿ ಕಾಡುಹಂದಿಯೊಂದಿಗೆ ಕಾದಾಡಿ, ಎರಡೂ ಸತ್ತವು. ಕಲ್ಲು ನಿಂತದ್ದು ನಾಯಿಗೆ. ಇಂಥ ವಿವರವನ್ನು ಕಲ್ಪಿಸಿಕೊಳ್ಳುವುದು ಕಷ್ಟ, ಹುಡುಕಿಕೊಳ್ಳುವುದು ಸುಲಭ.

ಹುಡುಕುವ ಜಾಗ: ಶಾಸನಗಳನ್ನು ಜಿಲ್ಲಾವಾರು ಅಚ್ಚು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾದ (ಹಳೆಯ ಮುದ್ರಣ) 11ನೇ ಸಂಪುಟ. ಅದು ಹಳೆಯ ಚಿತ್ರದುರ್ಗ ಜಿಲ್ಲೆಯದು, ದಾವಣಗೆರೆ ತಾಲ್ಲೂಕೂ ಅದರಲ್ಲೇ ಇದೆ. ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗಕ್ಕೆ ಸೇರಿದ್ದರಿಂದ ಅವಕ್ಕೆ 7ನೇ ಸಂಪುಟ ತೆಗೆಯಬೇಕು. ಕೋಟೆ ಬಾಗಿಲಲ್ಲಿ ಮಾರುವ ತೆಳ್ಳನೆಯ ಪುಸ್ತಿಕೆಗಳನ್ನು ನೆಚ್ಚಬೇಡಿ. ಒಂದರ ಅಚ್ಚಿನ ತಪ್ಪು ಇನ್ನೊಂದರಲ್ಲಿ ಇತಿಹಾಸವಾಗಿರುತ್ತದೆ.

ಮೂರನೇ ಹೆಜ್ಜೆ: ಹೊಟ್ಟೆಯ ಲೆಕ್ಕ

ಕತೆ ಬರೆಯುವ ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ. ಒಬ್ಬನಿಗೆ ದಿನಕ್ಕೆ ಮುಕ್ಕಾಲು ಕಿಲೋ ಧಾನ್ಯ ಹಿಡಿದರೆ ಸಾವಿರ ಆಳಿಗೆ ಏಳೂವರೆ ಕ್ವಿಂಟಲ್. ಹೇರೆತ್ತು ಹೊರುವುದು ಸುಮಾರು ಒಂದು ಕ್ವಿಂಟಲ್. ಹತ್ತು ದಿನದ ದಾರಿಗೆ 75 ಎತ್ತು, ಅವುಗಳ ಮೇವು ಬೇರೆ. ಬೇಸಿಗೆಯಲ್ಲಿ ನಡೆಯುವವನಿಗೆ 5 ಲೀಟರ್ ನೀರು, ಕುದುರೆಗೆ 30, ಆನೆಗೆ 150. ದಿನಕ್ಕೆ 15 ಕಿ.ಮೀ. ನಡೆದರೆ ಒಳ್ಳೆಯ ನಡೆ. ಹೊಯ್ಸಳರ ರಾಜಧಾನಿ ದೋರಸಮುದ್ರದಿಂದ (ಇಂದಿನ ಹಳೇಬೀಡು) ಉಚ್ಚಂಗಿಗೆ ಹತ್ತು ದಿನಕ್ಕೂ ಮೀರಿದ ದಾರಿ. ಮಳೆ ಬಿದ್ದ ಎರೆಭೂಮಿಯಲ್ಲಿ ಬಂಡಿ ಗುಂಬದವರೆಗೂ ಹೂತುಕೊಳ್ಳುತ್ತದೆ, ಅದಕ್ಕೇ ದಂಡು ಹೊರಡುವುದು ಮಳೆ ಹಿಂದಾದ ಮೇಲೆ. ಅಲ್ಲಿಗೆ ಮಾಚನಿಗೆ ಒಂದು ಚಿಂತೆ ತಾನಾಗಿ ಹುಟ್ಟಿತು: ಅವನು ಉಚ್ಚಂಗಿಯ ಕೆಳಗೆ ಕೂತಿರುವಾಗ ಊರಲ್ಲಿ ಹಿಂಗಾರಿ ಜೋಳ ಕೊಯ್ಲಿಗೆ ಬಂದಿದೆ, ಕೊಯ್ಯುವವರು ಯಾರು?

ನೀರಿನ ಲೆಕ್ಕ ಅತಿಯಾಯಿತು ಅನಿಸಿದರೆ 1520ರ ರಾಯಚೂರಿನ ದಂಡಯಾತ್ರೆಯ ಬಗ್ಗೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದದ್ದನ್ನು ನೋಡಿ. ಜನ ಬಾಯಾರಿ ಸಾಯದಿರಲೆಂದು ದಾರಿಯುದ್ದಕ್ಕೂ ತೊಗಲ ಚೀಲದಲ್ಲಿ ನೀರು ಕೊಡಲು ಹತ್ತು ಹನ್ನೆರಡು ಸಾವಿರ ಜನ ಇದ್ದರಂತೆ. ಅವನ ಅಂಕಿಗಳನ್ನು ಹಾಗೇ ನುಂಗಬೇಡಿ. ಆದರೆ ನೀರು ಹೊರುವವನಿಲ್ಲದೆ ದಂಡಿಲ್ಲ ಎಂಬುದನ್ನು ಅವನಿಂದ ಕಲಿಯಿರಿ.

ಓಬವ್ವನ ಕತೆ ಇಷ್ಟು ಗಟ್ಟಿಯಾಗಿ ನಿಂತಿರುವುದರಲ್ಲಿ ಒನಕೆಯಷ್ಟೇ ಊಟದ ಪಾಲೂ ಇದೆ. ಕಾವಲಿನ ಕಹಳೆ ಮುದ್ದಹನುಮ ಉಣ್ಣಲು ಮನೆಗೆ ಬಂದಿದ್ದಾನೆ, ಹೆಂಡತಿ ನೀರಿಗೆ ಹೋಗಿದ್ದಾಳೆ, ಕಿಂಡಿಯಲ್ಲಿ ತಲೆಯೊಂದು ತೂರಿದೆ. ಊಟದ ಹೊತ್ತಿನ ಮೇಲೆ ಇಡೀ ಕತೆ ನಿಂತಿದೆ.

ನಾಲ್ಕನೇ ಹೆಜ್ಜೆ: ಕಾಳಗ

ಹತ್ತರಲ್ಲಿ ಒಂಬತ್ತು ಕತೆ ಮುಗ್ಗರಿಸುವುದು ಇಲ್ಲೇ. ಸಾಮಾನ್ಯವಾಗಿ ಬರುವ ಸಾಲುಗಳು ಈ ಮಾದರಿಯವು:

'ಹೊಯ್ಸಳ ಸೇನೆ ಸಾಗರದಂತೆ ಉಕ್ಕಿ ಬಂತು. ಸಹಸ್ರಾರು ಖಡ್ಗಗಳು ಮಿಂಚಿದವು. ಮಾಚ ಸಿಂಹದಂತೆ ಗರ್ಜಿಸುತ್ತ ವೈರಿಗಳ ರುಂಡ ಚೆಂಡಾಡಿದ.'

ಮೊದಲನೆಯದು ನೋಟ. ಸೇನೆ ಸಾಗರದಂತಿತ್ತು ಎಂದು ಕಂಡವರು ಯಾರು? ಆನೆಯ ಮೇಲೆ ಕೂತವನಿಗೆ ಕಂಡೀತು, ಕೋಟೆಯ ತೆನೆಯ (ಗೋಡೆ ತಲೆಯ ಹಲ್ಲುಸಾಲಿನ) ಹಿಂದೆ ನಿಂತವನಿಗೆ ಕಂಡೀತು. ಐದೂಕಾಲು ಅಡಿಯ ಮಾಚನಿಗೆ ಕಾಣುವುದು ಹತ್ತು ಹನ್ನೆರಡು ಜನ, ಅವರಲ್ಲೂ ಹೆಚ್ಚಿನವರ ಬೆನ್ನು. ಉಳಿದದ್ದು ಧೂಳು. ಆದ್ದರಿಂದ ಕಾಳಗದ ಸುದ್ದಿಯನ್ನು ಅವನ ಕಿವಿಗೆ ಕೊಡಿ: ಕಹಳೆ ಎತ್ತ ಕೇಳಿಸಿತು, ಭೇರಿ ನಿಂತಿತೇ, ಹಿಂದಿನವರ ತಳ್ಳಾಟ ಸಡಿಲಾಯಿತೇ. ತಮ್ಮ ಕಡೆ ಗೆದ್ದಿತೋ ಸೋತಿತೋ ಅವನಿಗೆ ಬಹಳ ಹೊತ್ತು ಗೊತ್ತಾಗಬಾರದು.

ಎರಡನೆಯದು ಹೊತ್ತು. 'ಮುಂಜಾನೆಯಿಂದ ಸಂಜೆಯವರೆಗೆ ಕತ್ತಿ ಬೀಸಿದ' ಎಂದು ಬರೆಯುವವರು ಒಂದೂಕಾಲು ಕಿಲೋದ ಕಬ್ಬಿಣದ ಸಲಾಕೆಯನ್ನು ಬಲವಾಗಿ ಹತ್ತು ನಿಮಿಷ ಬೀಸಿ ನೋಡಲಿ. ನಿಜವಾದ ಕತ್ತಿಯ ತೂಕವೂ ಅಷ್ಟೇ, ಒಂದರಿಂದ ಒಂದೂವರೆ ಕಿಲೋ. 'ಇಪ್ಪತ್ತು ಸೇರಿನ ಖಡ್ಗ'ವನ್ನು ಬಯಲಾಟಕ್ಕೆ ಬಿಡಿ. ಬಿಲ್ಲಾಳಿನ ಬತ್ತಳಿಕೆಯಲ್ಲಿ 20ರಿಂದ 25 ಬಾಣ. ನಿಮಿಷಕ್ಕೆ ಆರು ಬಿಟ್ಟರೆ ನಾಲ್ಕು ನಿಮಿಷಕ್ಕೆ ಬರಿದು. ಆಮೇಲೆ? ಬಾಣ ಆಯಲು ಹುಡುಗರು ಓಡಬೇಕು, ಆ ಹುಡುಗರಲ್ಲೊಬ್ಬನೇ ಇನ್ನೊಂದು ಕತೆಯಾದಾನು. ಕೈಕೈ ಮಿಲಾಯಿಸುವುದು ಸಣ್ಣ ಸಣ್ಣ ತುಣುಕಾಗಿ ನಡೆಯುತ್ತದೆ. ನಡುವೆ ಉದ್ದುದ್ದ ಬಿಡುವು, ಆ ಬಿಡುವಿನಲ್ಲಿ ಬೈಗುಳ, ಕವಣೆಕಲ್ಲು, ಬಾಯಾರಿಕೆ, ಉಚ್ಚೆ. ಕತೆ ಇರುವುದು ಈ ಬಿಡುವುಗಳಲ್ಲಿ.

ಮೂರನೆಯದು ಮೈಮೇಲಿನದು. ಕಾಲಾಳಿಗೆ ಲೋಹದ ಕವಚ ತೊಡಿಸಬೇಡಿ, ಅದು ಸಿರಿವಂತರ ಸೊತ್ತು. ಅವನಿಗೆ ಕಾಸೆ, ನಡುಕಟ್ಟು, ಸಿಕ್ಕರೆ ಹತ್ತಿ ತುಂಬಿ ಹೊಲಿದ ಅಂಗಿ, ತೊಗಲಿನ ಹರಿಗೆ (ಗುರಾಣಿ), ಈಟಿ. ಎಲ್ಲಕ್ಕಿಂತ ಮುಖ್ಯವಾಗಿ ಕಂಬಳಿ. ಹಾಸಲು ಅದೇ, ಹೊದೆಯಲು ಅದೇ, ಮಳೆಗೆ ಕೊಪ್ಪೆ ಅದೇ, ಹೆಣ ಹೊರಲೂ ಅದೇ. ನಾಟಕದ ಬಾಡಿಗೆ ಪೋಷಾಕು ನೋಡಿಕೊಂಡು ಬರೆದರೆ ತಗಡಿನ ಎದೆಕಟ್ಟು ಬರುತ್ತದೆ. ಕಂಪ್ಯೂಟರಿಗೆ ಹೇಳಿ ಬರೆಸಿದ ಚಿತ್ರಗಳು ಇನ್ನೂ ಕೆಟ್ಟವು, ಹೊಯ್ಸಳ ಆಳಿಗೆ ಯುರೋಪಿನ ಉಕ್ಕಿನ ಚಿಪ್ಪು ತೊಡಿಸಿ ಕೂರಿಸುತ್ತವೆ. ದೇವಸ್ಥಾನದ ಅಡಿಪಟ್ಟಿಕೆಯ ಸಾಲುಶಿಲ್ಪ ನೋಡಿ. ನಾಯಕರ ಕಾಲ ಬರೆಯುವವರು ದುರ್ಗದ ರಂಗಯ್ಯನಬಾಗಿಲ ವಸ್ತುಸಂಗ್ರಹಾಲಯಕ್ಕೆ ಹೋಗಿ.

ನಾಲ್ಕನೆಯದು ಏಣಿ. ಗುಡ್ಡದ ಕೋಟೆಗೆ ಲಗ್ಗೆ ಎಂದರೆ ಏಣಿ, ಏಣಿಯೆಂದರೆ ಅಳತೆ. 20 ಅಡಿ ಗೋಡೆಗೆ 20 ಅಡಿ ಏಣಿ ತಂದರೆ ಓರೆಯಾಗಿ ಒರಗಿಸಿದಾಗ ಗೋಡೆಯ ತಲೆ ಎಟುಕುವುದಿಲ್ಲ, 21 ಅಡಿಯಾದರೂ ಬೇಕು. 24 ಅಡಿ ತಂದರೆ ತುದಿ ತೆನೆಯಿಂದ ಮೇಲೆ ಚಾಚಿಕೊಳ್ಳುತ್ತದೆ, ಮೇಲಿನವರು ಕೈಹಾಕಿ ಹಿಂದಕ್ಕೆ ತಳ್ಳುತ್ತಾರೆ. ತುದಿ ತೆನೆಗಿಂತ ಒಂದು ಗೇಣು ಕೆಳಗೆ ನಿಲ್ಲಬೇಕು. ಆದರೆ ಗೋಡೆ ಅಳೆದು ಬಂದವರು ಯಾರೂ ಇಲ್ಲ, ದೂರದಿಂದ ಕಲ್ಲಿನ ಸಾಲು ಎಣಿಸಿ ಅಂದಾಜು ಮಾಡಿದ್ದು. ಬುಡದಲ್ಲಿ ಸಮನೆಲವೂ ಇಲ್ಲ, ಹಾಸುಬಂಡೆ. ಬಿದಿರಿನ ಕಾಲು ಜಾರುತ್ತದೆ, ಇಬ್ಬರು ಬುಡ ತುಳಿದು ಹಿಡಿದಿರಬೇಕು. ಬೇಸಿಗೆಯ ಮಧ್ಯಾಹ್ನ ಆ ಬಂಡೆಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಇಷ್ಟು ತಿಳಿದುಕೊಂಡು ಬರೆದರೆ ಸಾಗರವೂ ಸಿಂಹವೂ ತಾವಾಗಿ ಹೋಗುತ್ತವೆ:

'ಮಾಚನಿಗೆ ಕಂಡದ್ದು ಮುಂದಿನವನ ಹಿಮ್ಮಡಿ. ಬಿರುಕುಬಿಟ್ಟ ಹಿಮ್ಮಡಿ, ಬಿರುಕಿನೊಳಗೆ ಕೆಮ್ಮಣ್ಣು. ಅದು ಒಂದು ಮೆಟ್ಟಿಲು ಏರಿದರೆ ಇವನೂ ಒಂದು ಮೆಟ್ಟಿಲು. ಮೇಲೆ ಯಾರೋ ಕೂಗಿದರು. ಹಿಮ್ಮಡಿ ನಿಂತಿತು. ಏಣಿ ಒಂದು ಸಲ ನಡುಗಿತು. ಆಮೇಲೆ ಹಿಮ್ಮಡಿ ಇರಲಿಲ್ಲ.'

ಇನ್ನು ಗಾಯ. ತೊಡೆಯ ದೊಡ್ಡ ರಕ್ತನಾಳ ಕಡಿದರೆ ಸಾವು ನಿಮಿಷಗಳ ಕೆಲಸ, ಮಾತಾಡಲು ಪುರುಸೊತ್ತಿಲ್ಲ. ಹೊಟ್ಟೆಗೆ ಈಟಿ ಬಿದ್ದವನು ದಿನಗಟ್ಟಲೆ ನರಳುತ್ತಾನೆ, ಅವನಿಗೆ ಮಾತಾಡಲು ಮನಸ್ಸಿಲ್ಲ. ಎರಡು ಪುಟದ ಕೊನೆಯ ಸಂದೇಶ ಯಾವ ಗಾಯಕ್ಕೂ ಹೊಂದುವುದಿಲ್ಲ. ಪಾಳೆಯದಲ್ಲಿ ಕತ್ತಿಗಿಂತ ಹೆಚ್ಚು ಜನರನ್ನು ಕೊಲ್ಲುವುದು ರಕ್ತಭೇದಿ ಮತ್ತು ಜ್ವರ. ಮುತ್ತಿಗೆ ತಿಂಗಳು ದಾಟಿದರೆ ಕತೆಯಲ್ಲಿ ಒಬ್ಬನಾದರೂ ಹಾಗೆ ಸಾಯಲಿ.

ಐದನೇ ಹೆಜ್ಜೆ: ಮಾತು

ನಿರೂಪಣೆ ಇವತ್ತಿನ ಸರಳ ಕನ್ನಡದಲ್ಲಿರಲಿ. ಹಳಗನ್ನಡ ಬೆರೆಸಲು ಹೋದರೆ ಎರಡನೇ ವಾಕ್ಯಕ್ಕೆ ವಿಭಕ್ತಿ ಕೈಕೊಡುತ್ತದೆ. ಸಂಭಾಷಣೆಗೆ ಕಂಪನಿ ನಾಟಕದ ಧಾಟಿ ಬೇಡ. ಬೆಂಕಿ ಸುತ್ತ ಕೂತ ಆಳುಗಳು 'ಅಪ್ಪಣೆ ಪ್ರಭು' ಎನ್ನುವುದಿಲ್ಲ. 'ಲೇ ಕೇತಾ, ನಿಮ್ಮ ಮಾವ ಬುತ್ತಿಗೆ ಏನು ಕಟ್ಟಿದ್ನಲೇ?' ಎಂದರೆ ಸಾಕು, ನಮ್ಮ ಕಡೆಯ ಮಾತೇ ನಡೆಯುತ್ತದೆ.

ನಡೆಯದಿರುವುದು ಅದರೊಳಗಿನ ಪಾರಸಿ, ಅರಬ್ಬಿ ಪದಗಳು. ಬರೆದು ಮುಗಿಸಿದ ಮೇಲೆ ಒಮ್ಮೆ ಈ ಜರಡಿ ಹಿಡಿಯಿರಿ: ಹುಕುಂ ಇದ್ದಲ್ಲಿ ಅಪ್ಪಣೆ, ತಯಾರು ಇದ್ದಲ್ಲಿ ಅಣಿ, ಖಾಲಿ ಇದ್ದಲ್ಲಿ ಬರಿದು, ಜೋರು ಇದ್ದಲ್ಲಿ ಬಿರುಸು, ಮೈದಾನಕ್ಕೆ ಬಯಲು, ಖರ್ಚಿಗೆ ವೆಚ್ಚ, ಫೌಜಿಗೆ ದಂಡು, ನಗಾರಿಗೆ ಭೇರಿ, ಸಿಪಾಯಿಗೆ ಆಳು. 'ಪಗಾರ' ಪೋರ್ಚುಗೀಸರದು, ತೆಗೆದುಹಾಕಿ. ರೂಪಾಯಿ ಬೇಡ, ಗದ್ಯಾಣ ಮತ್ತು ಹಣ. ನಿಮಿಷ, ಗಂಟೆ ಬೇಡ, ಗಳಿಗೆ ಮತ್ತು ಜಾವ. ಗಳಿಗೆಗೆ 24 ನಿಮಿಷವೆಂದು ನಿಮ್ಮ ಲೆಕ್ಕಕ್ಕೆ ಇಟ್ಟುಕೊಳ್ಳಿ. ತಿಂಗಳ ಹೆಸರಿಗಿಂತ ಮಳೆಯ ಹೆಸರು ವಾಸಿ: ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ನಾಯಕರ ಕೊನೆಗಾಲದ ಕತೆಗೆ ಇಷ್ಟು ಮಡಿ ಬೇಕಿಲ್ಲ. 1687ರಲ್ಲಿ ಪಕ್ಕದ ಸಿರಾ ಮೊಘಲರ ಸುಬಾ (ಪ್ರಾಂತ್ಯ) ಆದ ಮೇಲೆ ದುರ್ಗದವರ ಬಾಯಲ್ಲಿ ಹುಕುಂ ಬರದಿದ್ದರೇ ಆಶ್ಚರ್ಯ.

ಕೊನೆಯ ಹೆಜ್ಜೆ: ಕಲ್ಲು ನಿಲ್ಲಿಸುವುದಾದರೆ

ಮಾಚ ಸತ್ತ, ವೀರಗಲ್ಲು ನಿಂತಿತು ಎಂದು ಮುಗಿಸುವುದು ಎಲ್ಲರಿಗೂ ಇಷ್ಟ. ಮುಗಿಸಿ, ಆದರೆ ಕಲ್ಲನ್ನು ಸರಿಯಾಗಿ ಓದಿರಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿ ಒಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೂತಿರುವುದು. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ ಎಂಬ ಶ್ಲೋಕವೂ ಹಲವು ಕಲ್ಲಿನಲ್ಲಿರುತ್ತದೆ. ಅದು ಕಲ್ಲು ಕೆತ್ತಿಸಿದವರ ಮಾತು, ಮಾಚನ ಬಾಯಿಗೆ ತುರುಕಬೇಡಿ. ಕಲ್ಲು ಪುಕ್ಕಟೆ ಬರುವುದಿಲ್ಲ. ಬಂಡೆ ಸೀಳಬೇಕು, ಬಂಡಿಯಲ್ಲಿ ತರಬೇಕು, ಕೆತ್ತುವ ರೂವಾರಿಗೆ ಕೂಲಿ ಕೊಡಬೇಕು. ಕೊಟ್ಟವರು ಯಾರು: ಅಣ್ಣನೋ, ಹೆಂಡತಿಯೋ, ಊರ ಗೌಡನೋ? ಗೌಡ ಕೊಟ್ಟಿದ್ದರೆ ಶಾಸನದಲ್ಲಿ ಅವನ ಹೆಸರು ಎಷ್ಟು ದೊಡ್ಡದು? ನೆತ್ತರುಗೊಡಗೆಯ ಹೊಲ ಯಾವ ಕೆರೆಯ ಕೆಳಗೆ, ಅಳೆದ ಕೋಲು ಯಾರದು? ಕೊನೆಯ ಪುಟ ಬರೆಯಲು ಕೂರುವ ಮೊದಲು ಇವಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಹೊಲ ಅಳೆಯುವ ದಿನ ಮಾಚನ ಹೆಂಡತಿಯನ್ನು ಬದುವಿನ ಮೇಲೆ ನಿಲ್ಲಿಸಿ, ಅವಳು ಕೋಲು ಎಣಿಸುತ್ತಿರಲಿ.