ಘಾಟಿ ಹತ್ತುವ ಗಂಟೆಯಿಂದ ಹಿಂದಕ್ಕೆ ಎಣಿಸಿ
ಕೊಡಗಿನಿಂದ ಸ್ಕೂಬಾ ಡೈವಿಂಗ್‌ಗೆ ಹೊರಡುವವರಿಗೆ

ಮುರುಡೇಶ್ವರದ ಬೋಟಿನಲ್ಲಿ ಒದ್ದೆ ಉಡುಪು ಕಳಚುತ್ತಿದ್ದಾಗ ತರಬೇತುದಾರರು ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದರು: “ಇವತ್ತು ರಾತ್ರಿ ಯಾರಿಗಾದರೂ ವಿಮಾನ ಇದೆಯೇ?” ನನಗೆ ವಿಮಾನವಿರಲಿಲ್ಲ, ಮಡಿಕೇರಿಗೆ ಹೊರಟ ಕಾರು ಇತ್ತು. ಸುಮ್ಮನಿದ್ದೆ. ರಾತ್ರಿ ಒಂಬತ್ತಕ್ಕೆಲ್ಲ ಸಂಪಾಜೆ ಘಾಟಿ ಹತ್ತುತ್ತಿದ್ದೆ. ಏನೂ ಆಗಲಿಲ್ಲ. ಆದರೆ ಅಂದು ಮಾಡಿದ್ದು ತಪ್ಪು ಎಂದು ಆಮೇಲೆ ಗೊತ್ತಾಯಿತು. ಅಲ್ಲಿಂದ ಮುಂದೆ ನನ್ನ ಪ್ರವಾಸದ ಲೆಕ್ಕ ಶುರುವಾಗುವುದೇ ಮನೆಗೆ ಮರಳುವ ಗಂಟೆಯಿಂದ.

ಕಾರಣ ಇಷ್ಟೇ. ನೀರಿನಡಿ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯಲ್ಲಿರುವ ಸಾರಜನಕ ಮೈಯೊಳಗೆ ಕರಗುತ್ತದೆ. ಮೇಲೆ ಬಂದ ಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅಷ್ಟರಲ್ಲಿ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ, ಮುಚ್ಚಳ ತೆಗೆದ ಸೋಡಾ ಬಾಟಲಿಯಂತೆ ಒಳಗೆ ಗುಳ್ಳೆ ಏಳಬಹುದು. ಕೀಲುನೋವು, ಜೋಮು, ವಿಷಮಿಸಿದರೆ ಪಾರ್ಶ್ವವಾಯು. ವಿಮಾನ ಹತ್ತಬೇಡಿ ಎನ್ನುವುದು ಇದಕ್ಕೇ. ಡೈವಿಂಗ್ ಸುರಕ್ಷತೆಗೆಂದೇ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆಯಂತೆ ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ಈ ಸಲಹೆ 2,000ದಿಂದ 8,000 ಅಡಿ ಎತ್ತರದ ಒತ್ತಡಕ್ಕೆ ಸಂಬಂಧಿಸಿದ್ದು. ಮಡಿಕೇರಿ 3,500 ಅಡಿಗೂ ಮೇಲಿದೆ. ಅಂದರೆ ನಾವು ವಿಮಾನ ಹತ್ತದಿದ್ದರೂ ವಿಮಾನದೊಳಗಿನ ಗಾಳಿಯಂಥದ್ದರಲ್ಲೇ ಮನೆ ಕಟ್ಟಿಕೊಂಡವರು. ಕರಾವಳಿಯ ತರಬೇತುದಾರರಿಗೆ ಇದು ಹೊಳೆಯದಿದ್ದರೆ ಅಚ್ಚರಿಯಿಲ್ಲ, ನಾವೇ ಹೇಳಬೇಕು.

ಹಾಗಾಗಿ ಮೊದಲ ಹೆಜ್ಜೆ: ಕೊನೆಯ ಡೈವ್ ಮತ್ತು ಘಾಟಿಯ ನಡುವೆ ಒಂದು ರಾತ್ರಿ ಇಟ್ಟುಕೊಳ್ಳಿ. ಆ ರಾತ್ರಿಯ ಕೋಣೆಯನ್ನು ಹೋಗುವ ಮೊದಲೇ ಕಾಯ್ದಿರಿಸಿ. ಆಮೇಲೆ ನೋಡೋಣ ಎಂದು ಬಿಟ್ಟರೆ “ಮನೆಗೇ ಹೋಗಿಬಿಡೋಣ” ಎನ್ನುವವರು ಕಾರಿನಲ್ಲಿ ಒಬ್ಬರಾದರೂ ಇರುತ್ತಾರೆ.

ಎರಡನೆಯದು ತಿಂಗಳು. ಇಲ್ಲಿ ನಮ್ಮ ಪಂಚಾಂಗಕ್ಕೂ ಕಡಲಿನದಕ್ಕೂ ಜಗಳವಿದೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಆಚೆಯ ನೇತ್ರಾಣಿ ದ್ವೀಪಕ್ಕೆ ಬೋಟುಗಳು ಓಡುವುದು ಮಳೆಗಾಲ ಮುಗಿದು ಅಕ್ಟೋಬರ್ ಹೊತ್ತಿಗೆ, ನಿಲ್ಲುವುದು ಮೇ ಕೊನೆಗೆ. ನೀರು ತಿಳಿಯಾಗಿರುವ ಡಿಸೆಂಬರ್, ಜನವರಿಯಲ್ಲಿ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ. ಕಣದಲ್ಲಿ ಕಾಫಿ ಹರಡಿಟ್ಟು ಕಡಲಿಗೆ ಹೋಗುವವರು ಯಾರೂ ಇಲ್ಲ. ತೋಟದವರಿಗೆ ಉಳಿಯುವುದು ಎರಡು ಕಿಂಡಿ: ಕಾವೇರಿ ಸಂಕ್ರಮಣ ಮುಗಿದ ಮೇಲೆ ಪುತ್ತರಿಯವರೆಗಿನ ದಿನಗಳು, ಮತ್ತೆ ಹೂಮಳೆ ಬಿದ್ದು ಮನಸ್ಸು ಹಗುರವಾದ ಏಪ್ರಿಲ್.

ಮೂರನೆಯ ಕಿಂಡಿಯೊಂದಿದೆ, ಅದು ಕಕ್ಕಡದಲ್ಲಿ. ಅರಬ್ಬಿ ಕಡಲು ಮುಚ್ಚಿದ್ದಾಗ ಶ್ರೀಲಂಕಾದ ಪೂರ್ವ ತೀರ ತೆರೆದಿರುತ್ತದೆ. ಭಾಗಮಂಡಲ ನೆನೆದು ತೊಪ್ಪೆಯಾಗಿರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುವುದಿಲ್ಲವೇ? ಅದೇ ಲೆಕ್ಕ: ನೈರುತ್ಯ ಮಾರುತದ ಮಳೆಯನ್ನು ಲಂಕೆಯ ನಡುವಿನ ಬೆಟ್ಟಗಳು ತಡೆಯುತ್ತವೆ, ಟ್ರಿಂಕಾಮಲಿ, ಬಟ್ಟಿಕಲೋವಾ ಕಡೆಯ ನೀರು ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಶಾಂತವಾಗಿರುತ್ತದೆ. ಬಾಲಿ ದ್ವೀಪದಲ್ಲೂ ಆಗ ಒಣ ಹವೆ. ಮುಳುಗಿದ ಹಡಗುಗಳನ್ನು ನೋಡಬೇಕೆನ್ನುವವರಿಗೆ ಈ ಎರಡೂ ಒಳ್ಳೆಯ ಜಾಗಗಳು.

ಆದರೆ ಹಡಗಿನ ಮಾತು ಆಮೇಲೆ. ಮೊದಲು ಕಿವಿ. ಘಾಟಿ ಇಳಿಯುವಾಗ ಸುಳ್ಯದ ಹೊತ್ತಿಗೆ ಕಿವಿ ಮುಚ್ಚಿಕೊಳ್ಳುವುದು ನಮಗೆಲ್ಲ ಗೊತ್ತು. ಎಂಜಲು ನುಂಗಿದರೆ ‘ಟಪ್’ ಎಂದು ಬಿಡುತ್ತದೆ. ಮಡಿಕೇರಿಯಿಂದ ಕಡಲ ಮಟ್ಟಕ್ಕೆ ಇಳಿದರೆ ಹೆಚ್ಚುವ ಒತ್ತಡ ನೀರಿನಲ್ಲಿ ಒಂದೂಕಾಲು ಮೀಟರ್ ಇಳಿದರೆ ಸಾಕು, ಬಂದುಬಿಡುತ್ತದೆ. ಹತ್ತು ಮೀಟರಿಗೆ ಇಡೀ ವಾತಾವರಣದಷ್ಟು ಒತ್ತಡ ಕೂಡುತ್ತದೆ. ಆದ್ದರಿಂದ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸುವುದನ್ನು ನೋವು ಶುರುವಾಗುವ ಮೊದಲೇ, ಅಡಿ ಅಡಿಗೂ ಮಾಡಬೇಕು. ನೆಗಡಿ ಇದ್ದರೆ ಅಂದು ನೀರಿಗಿಳಿಯುವಂತಿಲ್ಲ, ಹಣ ಕಟ್ಟಿಯಾಗಿದ್ದರೂ ಸರಿ. ಉಬ್ಬಸ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದವರು ಮುರುಡೇಶ್ವರಕ್ಕೆ ಹೋಗಿ ಅರ್ಜಿ ತುಂಬುವಾಗ ಯೋಚಿಸುವುದಲ್ಲ, ಊರಿನಲ್ಲೇ ವೈದ್ಯರಿಗೆ ತೋರಿಸಿಕೊಂಡು ಹೊರಡಬೇಕು.

ಈಜು ಬಾರದವರೂ ತರಬೇತುದಾರರ ಕೈ ಹಿಡಿದು ಒಮ್ಮೆ ಇಳಿದು ನೋಡಬಹುದು. ಅಂಥ ಪರಿಚಯದ ಡೈವ್‌ಗೆ ಗರಿಷ್ಠ ಆಳ 12 ಮೀಟರ್. ಮುಂದುವರಿಯುವ ಆಸೆಯಿದ್ದರೆ ಓಪನ್ ವಾಟರ್ ಪ್ರಮಾಣಪತ್ರ ಬೇಕು: ಮೂರು-ನಾಲ್ಕು ದಿನದ ಪಾಠ, ಕಡಲಿನಲ್ಲಿ ನಾಲ್ಕು ಡೈವ್, 200 ಮೀಟರ್ ಈಜು, ಹತ್ತು ನಿಮಿಷ ತೇಲುವುದು. ಈಜಿಗೆ ಸಮಯದ ಮಿತಿಯಿಲ್ಲ, ಯಾವ ಶೈಲಿಯಾದರೂ ನಡೆಯುತ್ತದೆ. ಅಭ್ಯಾಸ ಮಾತ್ರ ಈಜುಕೊಳದಲ್ಲಿ ಆಗಲಿ, ಕಾವೇರಿಯ ಮಡುವಿನಲ್ಲಿ ಬೇಡ. ಈ ಪತ್ರ 18 ಮೀಟರಿನವರೆಗೆ ಇಳಿಸುತ್ತದೆ, ಅದರ ಮುಂದಿನದು 30ರವರೆಗೆ.

ಈ ಎರಡು ಅಂಕಿಗಳೇ ಯಾವ ಹಡಗು ನಿಮ್ಮದು ಎಂದು ತೀರ್ಮಾನಿಸುತ್ತವೆ. 1942ರ ಏಪ್ರಿಲ್ 9ರಂದು ಜಪಾನಿ ವಿಮಾನಗಳು ಬಟ್ಟಿಕಲೋವಾ ಬಳಿ ಮುಳುಗಿಸಿದ ವಿಮಾನವಾಹಕ ನೌಕೆ ಹರ್ಮೀಸ್ 50 ಮೀಟರಿಗೂ ಕೆಳಗಿದೆ. ಅದು ವಿಶೇಷ ತರಬೇತಿ ಪಡೆದವರ ಪಾಲಿನದು. ಅದೇ ದಿನ ಮುಳುಗಿದ ಬ್ರಿಟಿಷ್ ಸಾರ್ಜೆಂಟ್ ಎಂಬ ತೈಲ ಹಡಗು 30 ಮೀಟರಿನೊಳಗೇ ಸಿಗುತ್ತದೆ. ಹೊಸಬರಿಗೆ ನಾನು ಹೇಳುವುದು ಬಾಲಿಯ ತುಲಾಂಬೆನ್. ಅಮೆರಿಕದ ಲಿಬರ್ಟಿ ಎಂಬ ಸರಕು ಹಡಗು 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಏಟು ತಿಂದು ಅಲ್ಲಿನ ದಡ ಸೇರಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದನ್ನು ನೀರಿಗೆ ಉರುಳಿಸಿತು. ಈಗ ಐದಾರು ಮೀಟರ್ ಆಳದಿಂದ 30 ಮೀಟರಿನವರೆಗೆ ಇಳಿಜಾರಿನಲ್ಲಿ ಒರಗಿ ಮಲಗಿದೆ, ಮೈತುಂಬ ಹವಳ. ಬೋಟೇ ಬೇಡ, ದಡದಿಂದ ನಡೆದು ಇಳಿಯಬಹುದು.

ಆಳ ಹೆಚ್ಚಿದಷ್ಟೂ ಗಾಳಿ ಬೇಗ ಖಾಲಿಯಾಗುತ್ತದೆ ಎಂಬುದನ್ನು ಹಡಗಿನ ಆಸೆಯವರು ಮರೆಯುತ್ತಾರೆ. 10 ಮೀಟರಿನಲ್ಲಿ ಒಂದು ಗಂಟೆ ಬರುವ ಸಿಲಿಂಡರ್ 30 ಮೀಟರಿನಲ್ಲಿ ಅರ್ಧ ಗಂಟೆ ಮಾತ್ರ. ಸಾರಜನಕದ ಮಿತಿ, ಅಂದರೆ ಅದು ಮೈಯಲ್ಲಿ ಅತಿಯಾಗುವ ಮೊದಲು ಅಡಿಯಲ್ಲಿ ಇರಬಹುದಾದ ಹೊತ್ತು, ಆಳಕ್ಕೆ ಹೋದಷ್ಟೂ ಇನ್ನೂ ಬಿಗಿ: ಸಾಮಾನ್ಯ ಕೋಷ್ಟಕದ ಪ್ರಕಾರ 18 ಮೀಟರಿಗೆ 56 ನಿಮಿಷ, 30 ಮೀಟರಿಗೆ ಬರೀ 20. ಸಿಲಿಂಡರಿನ ಒತ್ತಡ ತೋರಿಸುವ ಗೇಜಿನಲ್ಲಿ 200 ಬಾರ್ ಇದ್ದದ್ದು 50ಕ್ಕೆ ಇಳಿಯುವ ಮೊದಲೇ ಮೇಲೆ ಬಂದಿರಬೇಕು. ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲುಗಡೆ. ಹಡಗಿನ ಒಳಗೆ ನುಗ್ಗುವುದಕ್ಕೆ ಬೇರೆಯದೇ ತರಬೇತಿಯಿದೆ. ಅದಿಲ್ಲದವರು ಹೊರಗಿನಿಂದ ನೋಡಿ, ತುಕ್ಕು ಹಿಡಿದ ತಗಡು ಮುಟ್ಟದೆ ಬರಬೇಕು.

ಹವಳವನ್ನೂ ಮುಟ್ಟುವಂತಿಲ್ಲ, ಅದು ಕಲ್ಲಲ್ಲ, ಜೀವ. ನೀರಿನಲ್ಲಿ ಮೇಲೂ ಹೋಗದೆ ಕೆಳಗೂ ಬೀಳದೆ ನಿಲ್ಲುವುದು ಕೈಗೂಡುವವರೆಗೆ ದಿಬ್ಬದಿಂದ ಒಂದಾಳು ದೂರವಿರಿ. ನೇತ್ರಾಣಿಯಲ್ಲಿ ಲೋಹದ ತುಂಡು ಕಂಡರಂತೂ ಕೈ ಹಾಕಲೇಬೇಡಿ, ನೌಕಾಪಡೆ ಆ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು.

ಬೋಟು ದ್ವೀಪ ಮುಟ್ಟಲು ಗಂಟೆಗೂ ಮೇಲೆ ಬೇಕು, ಅಲೆಯ ಏರಿಳಿತ ಹೊಟ್ಟೆಯನ್ನು ಪರೀಕ್ಷಿಸುತ್ತದೆ. ಹಿಂದಿನ ರಾತ್ರಿ ಪಂದಿಕರಿಯ ಡಬ್ಬಿ ಬಿಚ್ಚುವುದು, ಅದರ ಜೊತೆಗಿನದನ್ನು ಬಿಚ್ಚುವುದು ಎರಡೂ ಬೇಡ. ಬೆಳಿಗ್ಗೆ ಎರಡು ಇಡ್ಲಿ ಸಾಕು. ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಒಬ್ಬ ತರಬೇತುದಾರರಿಗೆ ಎಷ್ಟು ಜನ, ಬೋಟಿನಲ್ಲಿ ಆಮ್ಲಜನಕ ಇದೆಯೇ, ತುರ್ತು ಬಂದರೆ ಒತ್ತಡ ಚಿಕಿತ್ಸಾ ಕೋಣೆ ಹತ್ತಿರದಲ್ಲಿ ಎಲ್ಲಿದೆ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ವಿಮೆ ಮಾಡಿಸಿದ್ದರೆ ಅದರಲ್ಲಿ ಡೈವಿಂಗ್ ಸೇರಿದೆಯೇ, ಎಷ್ಟು ಆಳದವರೆಗೆ ಎಂದು ಓದಿಕೊಳ್ಳಿ.

ಮರಳುವ ದಿನದ ಲೆಕ್ಕ ಹೀಗೆ. ಎರಡನೆಯ ಡೈವ್ ಬೆಳಿಗ್ಗೆ ಹನ್ನೊಂದೂವರೆಗೆ ಮುಗಿಯಿತು ಎನ್ನಿ. 18 ಗಂಟೆ ತುಂಬುವುದು ಮರುದಿನ ಬೆಳಗಿನ ಐದೂವರೆಗೆ. ಸಂಜೆಯೊಳಗೆ ಮಂಗಳೂರಿಗೆ ಬನ್ನಿ. ಪುತ್ತೂರು, ಸುಳ್ಯದವರೆಗೂ ಬರಬಹುದು, ಅಲ್ಲಿಯವರೆಗೆ ಎತ್ತರದ ಚಿಂತೆಯಿಲ್ಲ. ರಾತ್ರಿ ಅಲ್ಲೇ ಕಳೆಯಿರಿ. ಬೆಳಿಗ್ಗೆ ಎಂಟಕ್ಕೆ ಮಂಗಳೂರು ಬಿಟ್ಟರೆ ಮಧ್ಯಾಹ್ನದ ಊಟಕ್ಕೆ ಮನೆ.