ಮಿಂಚುಳ್ಳಿ ಧುಮುಕುವ ಗಳಿಗೆಯ ಫೋಟೊ ತೆಗೆಯುವುದು ಹೇಗೆ?

ಕೊಂಬೆ ಮೇಲೆ ಸುಮ್ನೆ ಕೂತ ಹಕ್ಕಿಯ ಫೋಟೊ ಯಾರಿಗೂ ಸಿಗುತ್ತದೆ. ಹಕ್ಕಿ ತನ್ನ ಕೆಲಸದಲ್ಲಿ ಮುಳುಗಿರುವಾಗ ತೆಗೆಯುವುದೇ ಕಷ್ಟ. ಅದನ್ನು ಕಲಿಯಲು ಕಪ್ಪು-ಬಿಳುಪು ಮಿಂಚುಳ್ಳಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಊರ ಕೆರೆಯಲ್ಲೂ ಇರುತ್ತದೆ, ಹೊಳೆಯಲ್ಲೂ ಇರುತ್ತದೆ. ಧುಮುಕುವ ಮೊದಲು ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲೇ ನಿಂತು ನಿಮಗೆ ಸಮಯವನ್ನೂ ಕೊಡುತ್ತದೆ.

ಮೊದಲ ದಿನ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಈ ಮಾತನ್ನು ಯಾರೂ ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಮನೆಗೆ ಬಂದು ನೋಡಿದರೆ ಕಾರ್ಡ್ ತುಂಬಾ ನೀರಿನ ಉಂಗುರಗಳು, ಹಕ್ಕಿಯೇ ಇಲ್ಲ! ಹಾಗಾಗಿ ಒಂದು ಗಂಟೆ ಬರೀ ನೋಡಿ. ಯಾವ ಕೊಂಬೆ, ಯಾವ ಗೂಟಕ್ಕೆ ಮತ್ತೆ ಮತ್ತೆ ಬರುತ್ತದೆ? ಗಾಳಿಯಲ್ಲಿ ನಿಂತಾಗ ರೆಕ್ಕೆ ಎಷ್ಟೇ ಬಡಿದರೂ ತಲೆ ಅಲ್ಲಾಡುವುದಿಲ್ಲ, ಕೊಕ್ಕು ಕೆಳಗೆ ನೆಟ್ಟಿರುತ್ತದೆ. ಕೆಲವು ಸಲ ಒಂದಿಷ್ಟು ಕೆಳಗಿಳಿದು ಮತ್ತೆ ನಿಲ್ಲುತ್ತದೆ. ಆಗ ಬೆರಳು ಬಟನ್ ಮೇಲಿರಬೇಕು.

ಜಾಗ ಹಿಡಿಯುವಾಗ ಬಿಸಿಲು ಬೆನ್ನಿಗಿರಲಿ ಎಂದು ಎಲ್ಲರೂ ಹೇಳುತ್ತಾರೆ. ಗಾಳಿಯೂ ಬೆನ್ನಿಗಿರಬೇಕು. ಮಿಂಚುಳ್ಳಿ ಗಾಳಿಗೆ ಮುಖ ಮಾಡಿಯೇ ನಿಲ್ಲುತ್ತದೆ. ಗಾಳಿ ನಿಮ್ಮ ಹಿಂದಿನಿಂದ ಬೀಸಿದರೆ ಹಕ್ಕಿಯ ಮುಖ ಸಿಗುತ್ತದೆ, ಇಲ್ಲದಿದ್ದರೆ ಬಾಲ. ಬೆಳಗಿನ ಎಳೆ ಬಿಸಿಲಿನಲ್ಲಿ ದಡದ ಮೇಲೆ ಕೆಳಗೇ ಕೂತುಬಿಡಿ. ಪ್ಯಾಂಟ್ ಕೆಸರಾಗುತ್ತದೆ, ಆಗಲಿ ಬಿಡಿ.

ಈಗ ಕ್ಯಾಮೆರಾ. ಫೋಕಸ್ ಬಿಡದೆ ಹಿಂಬಾಲಿಸುವ ಕಂಟಿನ್ಯುಯಸ್ ಮೋಡ್, ಜೊತೆಗೆ ಬಟನ್ ಒತ್ತಿ ಹಿಡಿದಷ್ಟು ಹೊತ್ತು ಸಾಲಾಗಿ ಚಿತ್ರ ತೆಗೆಯುವ ಬರ್ಸ್ಟ್. ಶಟರ್ 1/2500 ಸೆಕೆಂಡ್, ಬೆಳಕು ಚೆನ್ನಾಗಿದ್ದರೆ 1/3200. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, f/5.6ರ ಆಸುಪಾಸು, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಐಎಸ್‌ಒ ಆಟೋ. ಹಿಂದೆ ನೆರಳಿನ ದಡವಿದ್ದರೆ ಕ್ಯಾಮೆರಾ ಮೋಸ ಹೋಗುತ್ತದೆ, ಎದೆಯ ಬಿಳಿ ಗರಿಗಳು ಸುಣ್ಣ ಬಳಿದ ಹಾಗಾಗುತ್ತವೆ. ಎಕ್ಸ್‌ಪೋಶರ್ ಅನ್ನು ಮುಕ್ಕಾಲು ಸ್ಟಾಪಿನಷ್ಟು ತಗ್ಗಿಸಿ (ಸ್ಟಾಪ್ ಬೆಳಕಿನ ಅಳತೆ, ಒಂದು ಸ್ಟಾಪ್ ತಗ್ಗಿಸಿದರೆ ಬೆಳಕು ಅರ್ಧವಾಗುತ್ತದೆ). ಐಎಸ್‌ಒ ಏರಿ ಚಿತ್ರದಲ್ಲಿ ಒಂದಿಷ್ಟು ಚುಕ್ಕಿ ಕಂಡರೂ ಪರವಾಗಿಲ್ಲ. ಮಸುಕಾದ ಕಣ್ಣನ್ನು ಯಾವ ಸಾಫ್ಟ್‌ವೇರೂ ಸರಿ ಮಾಡದು.

ಝೂಮ್ ಪೂರ್ತಿ ಎಳೆಯಬೇಡಿ. ಹಕ್ಕಿಯ ಕೆಳಗೆ ಜಾಗ ಜಾಸ್ತಿ ಬಿಡಿ, ಅದು ಹೋಗುವುದು ಅಲ್ಲಿಗೇ ಅಲ್ವಾ? ರೆಕ್ಕೆ ಮಡಚಿ ಬೀಳುವಾಗ ಹಿಡಿಯುವುದು ಪಳಗಿದ ಕೈಗೂ ಕಷ್ಟ. ಸುಲಭದ ದಾರಿ ಬೇರೆ ಇದೆ. ಹಕ್ಕಿ ಬಿದ್ದ ಕಡೆಗೆ ಲೆನ್ಸ್ ತಿರುಗಿಸಿ ಅಲ್ಲೇ ಫೋಕಸ್ ಹಿಡಿದಿರಿ. ಕ್ಷಣದಲ್ಲೇ ಅದು ಬಿದ್ದಲ್ಲಿಂದಲೇ ನೀರು ಸೀಳಿಕೊಂಡು ಮೇಲೇಳುತ್ತದೆ. ನನಗೆ ಸಿಕ್ಕ ಒಳ್ಳೆಯ ಚಿತ್ರಗಳೆಲ್ಲ ಹೀಗೆ ಮೇಲೇಳುವಾಗಿನವೇ.

ಮೀನು ಸಿಕ್ಕಿತೆಂದು ಕ್ಯಾಮೆರಾ ಇಳಿಸಬೇಡಿ. ಕೊಂಬೆಗೆ ಹೋಗಿ ಮೀನನ್ನು ಪಟಪಟ ಬಡಿದು, ತಿರುಗಿಸಿ, ತಲೆ ಕಡೆಯಿಂದ ನುಂಗುತ್ತದೆ. ಇದಕ್ಕೆ ಶಟರ್ 1/1000 ಸಾಕು. ಮೀನಿನ ತಲೆ ಕೊಕ್ಕಿನಿಂದ ಹೊರಕ್ಕೆ ಚಾಚಿದೆಯೇ? ಹಾಗಾದರೆ ಅದು ತನಗಲ್ಲ, ಜೋಡಿಗೋ ಮರಿಗೋ. ಎದೆ ಮೇಲೆ ಎರಡು ಕಪ್ಪು ಪಟ್ಟಿ ಇದ್ದರೆ ಗಂಡು. ಹೆಣ್ಣಿಗೆ ಒಂದೇ ಪಟ್ಟಿ, ಅದೂ ನಡುವೆ ತುಂಡಾದದ್ದು. ಹತ್ತಿರದಲ್ಲಿ ಹೆಣ್ಣು ಕೂತಿದ್ದರೆ ಇಬ್ಬರಿಗೂ ಜಾಗ ಬಿಟ್ಟು ಫ್ರೇಮ್ ಮಾಡಿ ಕಾಯಿರಿ. ರಂಗನತಿಟ್ಟಿನಲ್ಲಿ ರೀವ (ರಿವರ್ ಟರ್ನ್) ಹಕ್ಕಿಯ ಗಂಡೂ ಹೀಗೆಯೇ ಹೆಣ್ಣಿಗೆ ಮೀನು ತಂದುಕೊಡುತ್ತದೆ. ಅಲ್ಲಿ ದೋಣಿಯಿಂದ ತೆಗೆಯುವಾಗ ಮೊಣಕೈಯನ್ನು ಅಂಚಿಗೆ ಊರಬೇಡಿ, ದೋಣಿಯ ನಡುಕವೆಲ್ಲ ಲೆನ್ಸಿಗೆ ಬರುತ್ತದೆ.

ಇನ್ನೊಂದು ಮಾತು. ಮಿಂಚುಳ್ಳಿ ಮಣ್ಣಿನ ದಡದಲ್ಲಿ ಬಿಲ ಕೊರೆದು ಮೊಟ್ಟೆ ಇಡುತ್ತದೆ. ಮೀನು ಕಚ್ಚಿಕೊಂಡು ಕೂಗುತ್ತಾ ಸುತ್ತು ಹಾಕುತ್ತಿದೆ, ಎಲ್ಲೂ ಇಳಿಯುತ್ತಿಲ್ಲ ಎಂದರೆ ಬಿಲದ ಬಾಯಿಗೆ ನೀವೇ ಅಡ್ಡ ಕೂತಿದ್ದೀರಿ ಅಂತಲೇ ತಿಳಿಯಿರಿ. ಎದ್ದು ದೂರ ಹೋಗಿ.